ವಾರಕ್ಕೊಮ್ಮೆ ಕೆಡುವ ಫ್ಯಾನ್

ಟೈಲರಕ್ಕ ಮೇಜಿನ ಮೇಲೆ ನಿಂತು, ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರ್‌ನಿಂದ ಸಭೆ ಸೇರುವ ಹಾಲ್‌ನ ಫ್ಯಾನಿನ ವೈರು ಕಳಚುತ್ತಿದ್ದಳು. ಕೆಳಗೆ ಮೇಜು ಹಿಡಿದು ನಿಂತಿದ್ದ ಡ್ರೈವರ್ ಮಾವ ಆಗಲೇ ಬೆವರಿನಲ್ಲಿ ತೊಯ್ದಿದ್ದ.

"ಮೇನ್ ಆಫ್ ಮಾಡಿದೀಯ ತಾನೆ? ಈ ಸೆಕೇಲಿ ಇದೆಂಥ ಕೆಲ್ಸಾನಮ್ಮ! ನಮ್ಮ ಕುಡಿತ ಬಿಡಿಸಿದ್ದು ಸಾಲ್ದು ಅಂತ ಈಗ ಗಾಳೀನೂ ಬಿಡಿಸ್ತೀಯಾ?"

"ಅವನು ಬರ್ಬೇಕಲ್ಲ ಮಾವ. ಮಾತಾಡೋಕೆ ಬಾ ಅಂದ್ರೆ ಬರಲ್ಲ, ಫ್ಯಾನ್ ಕೆಟ್ಟಿದೆ ಅಂದ್ರೆ ಓಡಿ ಬರ್ತಾನೆ."

ಅವನು ಎಂದರೆ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್. ಕುಡಿದ ಅಮಲಿನಲ್ಲಿ ಕಂಬ ಹತ್ತಿ, ಬಿದ್ದು, ಹೇಗೋ ಬದುಕಿಕೊಂಡವನು. ಇನ್ನೊಮ್ಮೆ ಬಿದ್ದರೆ ಹೆಣವೇ ಎಂದು ಅವನ ಹೆಂಡತಿ ಟೈಲರಕ್ಕನ ಅಂಗಡಿಯಲ್ಲಿ ಕೂತು ಅತ್ತಿದ್ದಳು. ಕುಡಿತ ಬಿಟ್ಟವರು, ಬಿಡಲು ಹೆಣಗುತ್ತಿರುವವರು ವಾರಕ್ಕೊಂದು ಸಂಜೆ ಈ ಹಾಲ್‌ನಲ್ಲಿ ಸೇರುತ್ತಾರೆ. ಅಕ್ಕನೂ ಹಾಗೆ ಬಿಟ್ಟವಳೇ. ಅಲ್ಲಿಗೆ ಬಾ ಎಂದರೆ, "ನಾನೇನು ಕುಡುಕನಾ?" ಎಂದು ಅವನು ಹರಿಹಾಯ್ದಿದ್ದ. ಅವತ್ತಿನಿಂದ ಫ್ಯಾನು ವಾರವಾರವೂ ಕೆಡತೊಡಗಿತು. ಐದು ನಿಮಿಷದ ರಿಪೇರಿಯನ್ನು ಅವನೂ ಸಭೆ ಮುಗಿಯುವ ತನಕ ಎಳೆಯತೊಡಗಿದ.

ಹೊರಗೆ ಏಣಿಯ ಸದ್ದಾಯಿತು. ಅಕ್ಕ ದಡಬಡನೆ ಇಳಿದು ಕುರ್ಚಿ ಹಿಡಿದಳು. ಎಲ್ಲರೂ ಬಂದು ಕೂತು, ಅವನು ಏಣಿ ಹತ್ತಿದ ಮೇಲಷ್ಟೇ ಅವಳಿಗೆ ನೆನಪಾಯಿತು: ಸ್ಕ್ರೂಡ್ರೈವರ್ ಫ್ಯಾನಿನ ರೆಕ್ಕೆಯ ಮೇಲೇ ಉಳಿದಿದೆ! ಗುಟ್ಟು ರಟ್ಟಾದರೆ ಈ ಮನುಷ್ಯ ಇತ್ತ ತಲೆ ಹಾಕಿಯೂ ಮಲಗುವುದಿಲ್ಲ.

ಡ್ರೈವರ್ ಮಾವ ತನ್ನ ಪಾಡಿಗೆ ಶುರು ಮಾಡಿದ. "ನನ್ನ ಮಗಳು ಮಗೂನ ನನ್ನ ಕೈಗೆ ಕೊಡ್ತಿರ್ಲಿಲ್ಲ, ಬೀಳಿಸಿಬಿಡ್ತೀನಿ ಅಂತ. ಮೊನ್ನೆ ತಾನಾಗೇ ಕೊಟ್ಟು ಬಟ್ಟೆ ಒಗೆಯೋಕೆ ಹೋದ್ಲು. ತಿರುಗಿ ಕೂಡ ನೋಡ್ಲಿಲ್ಲ ಕಣ್ರಪ್ಪಾ!"

ಮೇಲೆ ಕೈಯಾಡುವ ಸದ್ದು ನಿಂತಿತು.

"ನನ್ನ ಮಗಳು..." ಏಣಿಯ ತುದಿಯಿಂದ ದನಿ ಬಂತು. "ನಾನು ಬಾಗಿಲು ತೆಗೆದ ಕೂಡ್ಲೇ ನಿದ್ದೆ ಬಂದೋಳ ಹಾಗೆ ಕಣ್ಣು ಮುಚ್ಕೊಂಡ್ಬಿಡ್ತಾಳೆ."

ಯಾರೂ ತಲೆ ಎತ್ತಲಿಲ್ಲ. ಹೊಸಬರು ಮೊದಲ ಸಲ ಬಾಯಿ ಬಿಟ್ಟಾಗ ದಿಟ್ಟಿಸಿ ನೋಡಬಾರದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕನಂತೂ ನೆಲವನ್ನೇ ನೋಡುತ್ತಿದ್ದಳು.

"ನಿನ್ನೆ ಕುಡೀಲಿಲ್ಲ," ಅಂದ ಅವನು. "ಇವತ್ತು ಹೇಗೋ ಗೊತ್ತಿಲ್ಲ."

"ಇವತ್ತಿಗೆ ನಾವಿದೀವಲ್ಲ," ಅಂದ ಮಾವ. "ಇಲ್ಲಿಂದ ನಿಮ್ಮನೆ ತನಕ ಒಟ್ಟಿಗೇ ಹೋಗೋಣ. ದಾರೀಲಿ ಬಾರ್ ಬಂದ್ರೆ ನಾನೇ ಹಾರ್ನ್ ಹೊಡೀತೀನಿ."

ನಗು ಎದ್ದಿತು. ಮೇಲಿನಿಂದಲೂ ಒಂದು ನಗು ಸೇರಿಕೊಂಡಿತು. ಅಕ್ಕನಿಗೆ ಅಳುವೇ ಬಂತು.

ಅವನು ಇಳಿದು ಬಂದು ಮೇನ್ ಆನ್ ಮಾಡಿ ಫ್ಯಾನಿನ ಸ್ವಿಚ್ ಹಾಕಿದ. ಫ್ಯಾನು ಗಿರ್ರನೆ ತಿರುಗಿತು. ಮಾವ ಅಂಗಿಯ ಗುಂಡಿ ಬಿಚ್ಚಿ ಎದೆಯೊಡ್ಡಿದ. ಎಲೆಕ್ಟ್ರಿಷಿಯನ್ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಅಕ್ಕನ ಪಕ್ಕದಲ್ಲೇ ಕೂತ. ಜೇಬಿನಿಂದ ಆ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದನ್ನ ಅಂಗಡೀಲೇ ಇಟ್ಕೊಳ್ಳಿ ಅಕ್ಕಾ," ಅಂದ ಮೆಲ್ಲಗೆ. "ಮುಂದಿನ ವಾರ ಫ್ಯಾನ್ ಕೆಡದಿದ್ರೂ ಬರ್ತೀನಿ."