ಸರಳಾ ಸತ್ತ ಮಧ್ಯಾಹ್ನ

ನಾಟಕದ ಹಸ್ತಪ್ರತಿಯಲ್ಲಿ ಕೊನೆಯ ಪುಟ ಮಾತ್ರ ಬೇರೆ ಕೈಬರಹದಲ್ಲಿತ್ತು. ಮೈತ್ರೇಯಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

‘ಕಪಟ ಮೂರ್ಛೆ’ ನಾಟಕದ ರಂಗಚರಿತ್ರೆ ಬರೆಯುವ ಕೆಲಸ ಅವಳದು. ಅದು ಫ್ರೆಂಚ್ ಪ್ರಹಸನವೊಂದರಿಂದ ಕನ್ನಡಕ್ಕೆ ಇಳಿಸಿಕೊಂಡ ನಾಟಕ. ಮೂಲದಲ್ಲಿ ಹೆಂಡತಿ ಗಂಡನ ಪ್ರೀತಿ ಪರೀಕ್ಷಿಸಲು ಸತ್ತಂತೆ ನಟಿಸುತ್ತಾಳೆ. ಅವನು ಅತ್ತ ಕೂಡಲೇ ಎದ್ದು ಕೂರುತ್ತಾಳೆ, ಎಲ್ಲರೂ ನಗುತ್ತಾರೆ. ಮೈಸೂರಿನ ನಾಟಕದ ಹೆಂಡತಿ ಸರಳಾ ಮಾತ್ರ ಏಳುವುದೇ ಇಲ್ಲ. 1968ರಿಂದ ಊರಿಗೆ ಊರೇ ಅವಳಿಗಾಗಿ ಅತ್ತಿದೆ.

ಈಗ ನಾಟಕವನ್ನು ಮತ್ತೆ ಆಡಿಸಲು ಹೊರಟ ನಿರ್ದೇಶಕ ಪವಮಾನ, ಸರಳಾಳನ್ನು ಎಬ್ಬಿಸಿಯೇ ಸಿದ್ಧ ಎಂದು ಹಟ ಹಿಡಿದಿದ್ದ. ಆ ಸಾವನ್ನು ಬರೆದದ್ದು ದಿವಂಗತ ನಾಟಕಕಾರರೇ ಎಂದು ಮೈತ್ರೇಯಿ ಸಾಬೀತು ಮಾಡಿದರೆ ಮಾತ್ರ ಬಿಟ್ಟುಕೊಡುತ್ತಾನಂತೆ.

ಇದರಿಂದ ನಿದ್ದೆ ಕೆಟ್ಟಿದ್ದು ಚಂದ್ರಮತಿಯವರಿಗೆ. ಇಪ್ಪತ್ತೆರಡು ವರ್ಷ ರಂಗದ ಮೇಲೆ ಸರಳಾ ಆಗಿ ಸತ್ತವರು. ಎಂಬತ್ತೆರಡರ ವಯಸ್ಸಿನಲ್ಲಿ ಅವರಿಗೆ ಉಳಿದಿದ್ದ ಹೆಸರೆಲ್ಲ ಆ ಒಂದು ಸಾವಿನದೇ, ಪಾಪ.

ನಜರ್‌ಬಾದಿನ ಮನೆಯಲ್ಲಿ ಅವರು ಸರಳಾ ಮೊದಲ ಸಲ ಸತ್ತ ಆ ದಿನವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಮಧ್ಯಾಹ್ನದ ಆಟ. ಸರಳಾ ಮಲಗಿದ್ದ ರೀತಿ ನೋಡಿ ನಾಟಕಕಾರರು ಬಿಕ್ಕಿ ಬಿಕ್ಕಿ ಅತ್ತು ಪರದೆ ಬೀಳಿಸಿದರಂತೆ. ಮರುದಿನ ಕೊನೆಯ ಪುಟವನ್ನು ಹೊಸದಾಗಿ ಬರೆದರಂತೆ. ದುಃಖದಲ್ಲಿ ಕೈ ನಡುಗಿ ಅಕ್ಷರ ಬದಲಾಯಿತಂತೆ.

“ಅಷ್ಟು ಸಹಜವಾಗಿ ನಾನು ಮತ್ತೆಂದೂ ಸಾಯಲಿಲ್ಲ ಕಣಮ್ಮ. ಅಭಿನಯಾನೇ ಅಲ್ಲ ಅಂದರು ಜನ,” ಎಂದರು.

ನಾಟಕ ಕಂಪನಿಯಲ್ಲಿ ಪರದೆ ಎಳೆದುಕೊಂಡು, ನಟರಿಗೆ ಪಾತ್ರಗಳ ಮಾತು ಪ್ರತಿ ಬರೆದುಕೊಡುತ್ತಿದ್ದ ಮೂಗಯ್ಯ ಈಗ ಹಿನಕಲ್‌ನಲ್ಲಿದ್ದರು. ಅವರೂ ಅದನ್ನೇ ಹೇಳಿದರು, ಒಂದಕ್ಷರ ಆಚೀಚೆ ಇಲ್ಲ. ಕೊನೆಗೆ, ಚಂದ್ರಮತಿ ಅಮ್ಮಾವರು ಈಗಲೂ ಏಕಾದಶಿ ಉಪವಾಸ ಮಾಡುತ್ತಾರಾ ಎಂದು ವಿಚಾರಿಸಿದರು. ಹೌದೆಂದಾಗ ಸುಮ್ಮನೆ ನಕ್ಕರು.

ಮೈತ್ರೇಯಿ ಇಬ್ಬರ ಮಾತನ್ನೂ ನಂಬಿ ಬರೆದಳು. 1968ರ ನಂತರದ ಕರಪತ್ರಗಳಲ್ಲೆಲ್ಲ ‘ದ್ವಾದಶಿಯಂದು ಆಟವಿಲ್ಲ’ ಎಂದಿದ್ದುದನ್ನು ಕಂಪನಿಯ ದೈವಭಕ್ತಿಗೆ ಸಾಕ್ಷಿಯಾಗಿ ಅಡಿಟಿಪ್ಪಣಿಗೂ ಸೇರಿಸಿದಳು. ಪವಮಾನ ಸೋತ. ಸರಳಾಳಿಗೆ ಸಾಯಲು ಅಪ್ಪಣೆಯಾಯಿತು.

ಪಂಚಾಂಗ ನೋಡುವ ಅಭ್ಯಾಸ ಪವಮಾನನಿಗಿಲ್ಲ. ಆಟ ದ್ವಾದಶಿಯ ಮಧ್ಯಾಹ್ನವೇ ಬಿತ್ತು. ಹಿಂದಿನ ದಿನದ ಉಪವಾಸ ಮುರಿದು, ಪಾಯಸ ಸಮೇತ ಊಟ ಮುಗಿಸಿ, ಚಂದ್ರಮತಿ ರೇಷ್ಮೆ ಸೀರೆಯಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಮೂಗಯ್ಯ, ಅವರ ಪಕ್ಕ ಮೈತ್ರೇಯಿ.

ಸರಳಾ ಸತ್ತಳು. ಗಂಡ ಎದೆ ಬಡಿದುಕೊಂಡ. ಸಭಾಂಗಣವೆಲ್ಲ ಮೂಗೊರೆಸಿಕೊಂಡಿತು. ಗೆದ್ದ ಚಂದ್ರಮತಿಯವರ ಮುಖ ನೋಡಬೇಕೆನಿಸಿ ಮೈತ್ರೇಯಿ ತಿರುಗಿದಳು.

ಅವರ ತಲೆ ಮೂಗಯ್ಯನವರ ಹೆಗಲಿಗೆ ಒರಗಿತ್ತು. ಬಾಯಿ ತೆರೆದಿತ್ತು. ಚಪ್ಪಾಳೆಗೂ ಅಲುಗಲಿಲ್ಲ. ಮೈತ್ರೇಯಿ ಅವರ ನಾಡಿ ನೋಡಲು ಕೈ ಚಾಚಿದಳು. ಅಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿಸಿತು.

“ಅವತ್ತೂ ಇಂಗೇ ಕಣಮ್ಮ, ದ್ವಾದಶಿ ಊಟ,” ಮೂಗಯ್ಯ ಪಿಸುಗುಟ್ಟಿದರು. “ಗಂಡ ಮೂರು ಸಲ ಅತ್ರೂ ಏಳ್ನಿಲ್ಲ, ನಾನೇ ಪರದೆ ಬಿಟ್ಬುಟ್ಟೆ, ಮಾರನೇ ದಿನ ಟಿಕೀಟಿಗೆ ಜನ ಮುಗಿಬಿದ್ರು, ಆ ಕೊನೇ ಪುಟಾನೂ ನಾನೇ ಬರೆದ್ಬುಟ್ಟೆ.”