ಸತ್ತ ಕಂಪ್ಯೂಟರಿನ ತಪಾಸಣೆ

ಆ ಶಾಲೆಯ ಒಂದೇ ಕಂಪ್ಯೂಟರು ಎಷ್ಟು ಹಳೆಯದೆಂದರೆ, ಒಂದನೇ ತರಗತಿಯಲ್ಲಿ ಅದರ ಗುಂಡಿ ಒತ್ತಿದ ಮಕ್ಕಳು ಏಳನೇ ತರಗತಿ ಮುಗಿಸಿ ಹೋದರೂ ಅದಕ್ಕೆ ಎಚ್ಚರವಾಗಿರಲಿಲ್ಲ. ಅದು ಕೆಟ್ಟಿದೆಯೆಂದು ತಪಾಸಣೆಗೆ ಬಂದ ಸಾಹೇಬರು ಇಂದು ಬರೆದುಕೊಟ್ಟರೆ ಹತ್ತು ಹೊಸವು ಬರುತ್ತಿದ್ದವು. ಇಲ್ಲವಾದರೆ ಇನ್ನೆಂದಿಗೂ ಇಲ್ಲ. ಮುನ್ನೂರು ಅರ್ಜಿ ಬರೆದು ಹೆಡ್ಮಿಸ್ಸಿನ ಬೆರಳೇ ಅರ್ಧ ಸವೆದಿತ್ತು.

“ಇದು ಸತ್ತು ಏಳು ವರ್ಷ ಆಯ್ತು ಸಾರ್, ದಯವಿಟ್ಟು ಬರ್ಕೊಡಿ,” ಎಂದು ಅವರು ಸಾಹೇಬರಿಗೆ ಕೈಮುಗಿದರು.

ಸಾಹೇಬರು ಹೊದಿಕೆ ಸರಿಸಿ ಗುಂಡಿ ಒತ್ತಿದರು. ಪರದೆ ಫಳ್ಳೆಂದು ಬೆಳಗಿತು.

“ಸುಳ್ಳಿಗೂ ಒಂದು ಮಿತಿ ಬೇಡ್ವೇನಮ್ಮಾ?” ಅರ್ಜಿ ಹರಿದೆಸೆದು ಜೀಪು ಹತ್ತಿದರು.

ಕುಸಿದು ಕುಳಿತ ಹೆಡ್ಮಿಸ್ಸಿನ ಬಳಿ ಜವಾನ ಮಾಳಪ್ಪ ಹಲ್ಲು ಕಿರಿಯುತ್ತ ಬಂದ.

“ಸಾಹೇಬ್ರ ಮುಂದೆ ನಮ್ಮ ಸ್ಕೂಲ್ ಮರ್ಯಾದೆ ಹೋಗ್ಬಾರ್ದು ಅಂತ, ಬೆಳಿಗ್ಗೇನೇ ಪಕ್ಕದೂರಿನ ಸ್ಕೂಲಿಂದ ಇದನ್ನ ಕೇಳಿ ತಂದಿಟ್ಟಿದ್ದೆ ಮೇಡಂ!”