ಹಿಂದಿನ ಸೀಟು

ಚಹಾದ ಕಪ್ಪು ತುಟಿಗೆ ತಾಗುವ ಮೊದಲೇ ಉತ್ತಮನ ಕೈ ಅಲ್ಲೇ ನಿಂತಿತು. ಕಾಸಿಮಸಾಬನ ಹೋಟೆಲಿನ ಮುಂದೆ ಉಜ್ವಲಾಳ ಸ್ಕೂಟರ್ ಭರ್ರನೆ ಹೋಯಿತು. ಅವಳು ಆ ಹಾದಿಯಲ್ಲಿ ಹೋಗುವುದನ್ನು ನೋಡಲೆಂದೇ ಅವನು ಬಂದು ಕೂತದ್ದು. ಆದರೆ ಹಿಂದಿನ ಸೀಟಿನಲ್ಲಿ, ಸೆರಗನ್ನು ತಲೆಗೆ ಬಿಗಿದುಕೊಂಡು, ಉಜ್ವಲಾಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವನ ಅವ್ವ ಚಂದ್ರಮತಿ. ಮಗನನ್ನು ಕಂಡು ಕೈ ಬೀಸಿದಳು ಬೇರೆ.

ಆ ಸ್ಕೂಟರಿನ ಬ್ರೇಕಿನ ತಂತಿಗಳನ್ನು ಮುಂಜಾನೆ, ಉಜ್ವಲಾ ಡೇರಿಗೆ ಹಾಲು ಹಾಕಲು ಹೋದಾಗ, ಅರ್ಧರ್ಧ ಕೊಯ್ದವನು ಇದೇ ಉತ್ತಮ. ಊರೊಳಗೆ ಮೆಲ್ಲಗೆ ಹೋದರೆ ಏನೂ ತಿಳಿಯದು. ಚಿಕ್ಕೋಡಿ ರಸ್ತೆಯ ಇಳಿಜಾರಿನಲ್ಲಿ ಗಟ್ಟಿಯಾಗಿ ಹಿಡಿದರೆ ಪಟ್ಟನೆ ಹರಿಯಬೇಕು. ಉಜ್ವಲಾ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್. ಮನೆಮನೆಗೂ ನೀರಿನ ನಳ ಕೂಡಿಸಿದ್ದೇವೆಂದು ಗುತ್ತಿಗೆದಾರ ಅಣ್ಣಾಸಾಬ ಕಳಿಸಿದ ಫೋಟೋಗಳನ್ನು ಏರಿಸುತ್ತ ಕೂತವಳಿಗೆ, ಒಂದೇ ಸೊಟ್ಟ ಮೂತಿಯ ನಳ ಊರಿನ ಗೋಡೆಗೋಡೆಗೂ ಹೋಗಿ ಫೋಟೋ ತೆಗೆಸಿಕೊಂಡದ್ದು ಕಂಡುಬಿಟ್ಟಿತು. ಕಂಡದ್ದನ್ನು ನುಂಗಿಕೊಂಡು ಕೂರುವ ಪೈಕಿ ಅಲ್ಲ ಅವಳು, ದೂರು ಕೊಟ್ಟಳು. ಇವತ್ತು ಚಿಕ್ಕೋಡಿಯಲ್ಲಿ ಅದರ ವಿಚಾರಣೆ, ಅವಳದೇ ಹೇಳಿಕೆ. “ಸಾಯೂದ ಬ್ಯಾಡೋ, ಬಿದ್ದು ನಾಕ ದಿನಾ ದವಾಖಾನ್ಯಾಗಿದ್ರ ಸಾಕು,” ಎಂದಿದ್ದ ಅಣ್ಣಾಸಾಬ, ಬಲು ದೊಡ್ಡ ಮನಸ್ಸು ಮಾಡಿ. ಅವನು ಕೊಡಿಸಿದ ಹೊಸ ಸ್ಕೂಟರಿನ ಮೇಲೆ ತಿರುಗುವ ಉತ್ತಮನಿಗೆ ಒಲ್ಲೆನ್ನಲು ಬಾಯಿ ಬಂದಿರಲಿಲ್ಲ.

ಅವ್ವನ ವಿಚಾರ ಮಾತ್ರ ಅವನ ತಲೆಗೇ ಹೊಳೆದಿರಲಿಲ್ಲ. ಮೊಣಕಾಲು ತೋರಿಸಲು ಚಿಕ್ಕೋಡಿಗೆ ಕರೆದುಕೊಂಡು ಹೋಗೆಂದು ಅವಳು ಎಷ್ಟೋ ದಿನದಿಂದ ಗಂಟುಬಿದ್ದಿದ್ದಳು. ಇವನು ನಾಳೆ, ನಾಳೆ ಎನ್ನುತ್ತಲೇ ಬಂದಿದ್ದ. ಇನ್ನು ಆ ಊರಲ್ಲಿ ಖಾಲಿ ಸೀಟಿನ ಗಾಡಿ ಅಗಸಿಬಾಗಿಲು ದಾಟುವುದುಂಟೆ? ಕೈ ಮಾಡಿದವರನ್ನು ಹತ್ತಿಸಿಕೊಳ್ಳಲೇಬೇಕು.

ಉತ್ತಮ ಗಡಬಡಿಸಿ ಉಜ್ವಲಾಳಿಗೆ ಫೋನ್ ಹಚ್ಚಿದ. ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ದೂರು ವಾಪಸ್ ತಗೋ, ಇಲ್ಲದಿದ್ದರೆ ನೋಡು ಎಂದು ಅವನು ವಾರವಿಡೀ ಹೆದರಿಸಿದ್ದ ನಂಬರನ್ನು ಅವಳು ಬ್ಲಾಕ್ ಮಾಡಿಟ್ಟಿದ್ದಳು.

“ಕಾಸಿಮ ಚಾಚಾ, ನಿಮ್ಮ ಮೊಬೈಲ್ ಕೊಡ್ರಿ! ಲಗೂನ!”

ಈ ಸಲ ರಿಂಗಾಯಿತು. ಬ್ಯಾಗು ಯಾರ ತೊಡೆಯ ಮೇಲಿತ್ತೋ ಅವರೇ ಎತ್ತಿದರು.

“ಹಲೋ, ಯಾರ್ರಿ?”

“ಅವ್ವಾ, ನಾ ಉತ್ತಮ. ಗಾಡಿ ನಿಂದ್ರಸಾಕ ಹೇಳು! ಇಳಿಜಾರಿಗಿ ಹೋಗಬ್ಯಾಡ್ರಿ!”

“ಏನಂದಿ? ಗಾಳಿ ಸಪ್ಪಳ ಐತಿ, ಜೋರ ಮಾತಾಡು.”

“ಬ್ರೇಕ್ ಇಲ್ಲಬೇ ಅದಕ! ಬ್ರೇಕ್!” ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆ ಕಡೆ ಅವ್ವ ಉಜ್ವಲಾಳಿಗೆ ಏನೋ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಅವಳ ದನಿ ಮತ್ತೆ ಫೋನಿಗೆ ಬಂತು: “ಬ್ರೇಕ್ ಇಲ್ಲಂತ ನಿನಗ ಹೆಂಗ ಗೊತ್ತೋ?”

ಅಷ್ಟರಲ್ಲಿ ಯಾರೋ ಚೀರಿದರು, ಧಡ್ ಎಂದಿತು, ಲೈನ್ ಕಟ್ಟಾಯಿತು. ಕಾಸಿಮಸಾಬ ಸೋಸುತ್ತಿದ್ದ ಚಹಾ ಕಪ್ಪು ತುಂಬಿ ಕಟ್ಟೆಯ ಮೇಲೆ ಹರಿಯುತ್ತಿತ್ತು. “ನಿಂತ ನನ್ನ ಮಾರಿ ಏನ ನೋಡ್ತಿ? ಹೋಗೋ ಮೊದಲ!” ಎಂದು ಗದರಿದ.

ಗಾಡಿ ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ. ನಾಳೆ ನಾಳೆ ಎಂದ ನಾಲಗೆಯನ್ನು ಕಿತ್ತೊಗೆಯಬೇಕೆನಿಸಿತು. ಇಳಿಜಾರಿನ ತಲೆಗೆ ಬಂದು ನೋಡಿದರೆ, ರಸ್ತೆ ಬದಿಯ ಹೊಲದಲ್ಲಿ ಒಟ್ಟಿದ್ದ ಕಬ್ಬಿನ ರವದಿಯ ರಾಶಿಯೊಳಗೆ ಸ್ಕೂಟರ್ ಮೂತಿ ತೂರಿಸಿ ನಿಂತಿತ್ತು. ಕೈಯಲ್ಲಿ ಬ್ರೇಕ್ ಹರಿದದ್ದೇ ತಡ, ಉಜ್ವಲಾ ಗಾಡಿಯನ್ನು ಅತ್ತ ತಿರುಗಿಸಿಬಿಟ್ಟಿದ್ದಳು. ಈಗ ಮುದುಕಿಯ ತಲೆಯಿಂದ ಕಬ್ಬಿನ ಒಣ ಎಲೆ ಆರಿಸುತ್ತಿದ್ದಳು. ಇಬ್ಬರಿಗೂ ಮೈಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಉತ್ತಮನಿಗೆ ಅಳುವೇ ಬಂದುಬಿಟ್ಟಿತು.

“ಬಾ ಅವ್ವಾ, ನಾ ದವಾಖಾನಿಗೆ ಕರಕೊಂಡ ಹೋಗತೇನಿ.”

ಚಂದ್ರಮತಿ ಮೊದಲು ಅವನ ಕಪಾಳಕ್ಕೊಂದು ಬಿಟ್ಟಳು. ಆಮೇಲೆ ಅವನ ಕೈಯಿಂದ ಹೊಸ ಸ್ಕೂಟರಿನ ಚಾವಿ ಕಸಿದು ಉಜ್ವಲಾಳಿಗೆ ಕೊಟ್ಟಳು. “ಇದರ ಮ್ಯಾಲೆ ನಡಿಯವಾ. ಸಾಹೇಬರು ಕಾಯಾಕತ್ತಿರತಾರ. ಇಂವಾ ಆ ಗಾಡಿ ನೂಕ್ಕೊಂತ ಬರಲಿ.”

“ಮತ್ತ ನಿಮ್ಮ ಮೊಣಕಾಲ, ಕಾಕು?”

“ಅದೆಲ್ಲಿ ಓಡಿ ಹೋಗತೈತಿ? ಮೊದಲ ನಿಂದ ಮುಗೀಲಿ.”

ಉಜ್ವಲಾ ಸೀಟಿನ ಮೇಲೆ ಕೂತಳು. ಎರಡೂ ಬ್ರೇಕ್ ಒಮ್ಮೆ ಹಿಡಿದು ಬಿಟ್ಟು, ಉತ್ತಮನ ಮುಖವನ್ನೇ ನೋಡಿದಳು. “ಉತ್ತಮಣ್ಣ, ಇದರ ಬ್ರೇಕ್ ಬರೋಬರಿ ಅದಾವಲ್ಲ?”

“ಅದಾವ ತಂಗಿ. ದೇವರಾಣಿ.”

“ದೇವರ ಆಣಿ ಯಾಕ ಬೇಕೋ?” ಚಂದ್ರಮತಿ ಉಜ್ವಲಾಳ ಹೆಗಲು ಹಿಡಿದು, ನರಳುತ್ತ, ಹಿಂದೆ ಹತ್ತಿದಳು. “ನಾ ಕುಂತೇನಲ್ಲ. ನಿಮ್ಮ ಅಣ್ಣಾಸಾಬಗೂ ಹೇಳಿಡು, ನಾಳಿಂದ ಇಕಿ ಹಿಂದ ದಿನಾ ನಾ ಕೂಡತೇನಿ.”